ನಾಳೆ ಬಾ, ಕ್ಯಾಂಡಿ ಮುಗಿದಿದೆ

ಅಕ್ಟೋಬರ್ ಬಂತೆಂದರೆ ಹ್ಯಾಲೋವೀನ್ ಹಬ್ಬದ ಹೆಸರಲ್ಲಿ ಅಮೆರಿಕದ ನ್ಯೂಜೆರ್ಸಿಯ ನಮ್ಮ ಬೀದಿಯಲ್ಲಿ ದೆವ್ವಗಳಿಗೆ ಬಾಡಿಗೆಯಿಲ್ಲದೆ ಜಾಗ ಸಿಗುತ್ತದೆ. ಎದುರು ಮನೆಯವರ ಹುಲ್ಲಿನ ಮೇಲೆ ಭಾರಿ ಅಸ್ಥಿಪಂಜರ. ಪಕ್ಕದವರ ಬಾಗಿಲಿಗೆ ಹತ್ತಿಯ ಜೇಡರಬಲೆ. ಊರಿಂದ ಬಂದಿದ್ದ ಅತ್ತೆ "ಪೊರಕೆ ಕೊಡಮ್ಮಾ, ಪಾಪ ಅವರಿಗೆ ಪುರುಸೊತ್ತಿಲ್ಲ" ಎಂದು ಹೊರಟೇಬಿಟ್ಟಿದ್ದರು. ಅದು ದುಡ್ಡು ಕೊಟ್ಟು ತಂದ ಬಲೆ ಅಂದಾಗಲೇ ಅವರು ನಿಜವಾಗಿ ಹೆದರಿದ್ದು.

ಹಬ್ಬದ ದಿನ, 31ನೇ ತಾರೀಕು, ನಮ್ಮನೆಯವರಿಗೆ ಹಾರರ್ ಸಿನಿಮಾ ಆಗಲೇಬೇಕು. ಮಹಾ ಪುಕ್ಕಲು, ಆದರೂ ಬೇಕು. ಈ ಭಯಕ್ಕೆ ರಿಮೋಟ್ ಇದೆ ನೋಡಿ. ಎದೆ ಡವಡವ ಅನ್ನುತ್ತೆ, ಅಂಗೈ ಬೆವರುತ್ತೆ, ಜಾಸ್ತಿಯಾದರೆ ನಿಲ್ಲಿಸಿ ಕಾಫಿ ಕುಡಿಯಬಹುದು. ವೀಸಾದ ಭಯಕ್ಕೆ ಈ ಸೌಲಭ್ಯ ಇಲ್ಲವಲ್ಲ!

ಈ ಸಲ ಮಧ್ಯಾಹ್ನವೇ ಪರದೆ ಎಳೆದು ಹಾಕಿದ್ದು 1978ರ 'ಹ್ಯಾಲೋವೀನ್'. ಅದರ ಕೊಲೆಗಾರನ ಮುಖವಾಡ ಅಸಲಿಗೆ 'ಸ್ಟಾರ್ ಟ್ರೆಕ್' ಎಂಬ ಬಾಹ್ಯಾಕಾಶದ ಟಿವಿ ಸರಣಿಯ ನಾಯಕ ಕ್ಯಾಪ್ಟನ್ ಕರ್ಕ್ ಮುಖ. ಬಿಳಿ ಬಣ್ಣ ಬಳಿದು, ಕಣ್ಣಿನ ತೂತು ದೊಡ್ಡದು ಮಾಡಿದ್ದಾರೆ. ಶೂಟಿಂಗ್ ಆದದ್ದು ಕ್ಯಾಲಿಫೋರ್ನಿಯಾದ ವಸಂತದಲ್ಲಿ. ಹಾಗಾಗಿ ಉದುರಿದ ಎಲೆಗೂ ಬಣ್ಣ ಹಚ್ಚಿ, ಒಂದು ಸೀನ್ ಮುಗಿದ ಮೇಲೆ ಗುಡಿಸಿ ತುಂಬಿಕೊಂಡು ಇನ್ನೊಂದಕ್ಕೆ ಸುರಿಯುತ್ತಿದ್ದರಂತೆ. ಇಷ್ಟು ಹೇಳಿದ್ದೇ ತಡ, ಅತ್ತೆ ಕೊಲೆಗಾರನನ್ನು ಬಿಟ್ಟು ಎಲೆ ನೋಡತೊಡಗಿದರು. ನಡುವೆ, "ಆ ಹುಡುಗಿ ಲೈಟ್ ಹಾಕದೆ ಯಾಕೆ ಒಳಗೆ ಹೋಗ್ತಾಳೆ? ಇಲ್ಲೂ ಕರೆಂಟ್ ಬಿಲ್ ಜಾಸ್ತಿನಾ?" ಅವರ ಮಗ ಕಂಬಳಿಯೊಳಗಿಂದ ಒಂದೇ ಕಣ್ಣಲ್ಲಿ ನೋಡುತ್ತಿದ್ದರು.

ಸಿನಿಮಾ ಮುಗಿಯಿತು. "ಇದೇನು ಮಹಾ" ಎಂದು ಅತ್ತೆ ಬೆಳ್ಳುಳ್ಳಿ ಬಿಡಿಸುತ್ತಾ ತಮ್ಮೂರಿನ ಹುಣಸೆಮರದ ಮೋಹಿನಿ ಕಥೆ ತೆಗೆದರು. ಮ್ಯೂಸಿಕ್ ಇಲ್ಲ, ಮುಖವಾಡ ಇಲ್ಲ. "ತಗ್ಗಿ ನೋಡ್ತಾನೆ, ಅವಳ ಪಾದ ಹಿಂದುಮುಂದು" ಎಂದು ಸುಮ್ಮನಾದರು. ಆಗಲೇ ಬೆಲ್ ಹೊಡೆಯಬೇಕೇ? ನಮ್ಮನೆಯವರು ಕಂಬಳಿ ಸಮೇತ ಎದ್ದು ನಿಂತರು.

ಬಂದಿದ್ದು ಮಕ್ಕಳು, ಹ್ಯಾಲೋವೀನ್ ದಿನ ವೇಷ ಹಾಕಿಕೊಂಡು ಮನೆಮನೆಗೆ ಕ್ಯಾಂಡಿ ಕೇಳಿಕೊಂಡು ಬರುವವರು. ಆದರೆ ತಂದಿಟ್ಟ ಕ್ಯಾಂಡಿಯೆಲ್ಲ ಹೆದರಿಕೆಯ ಭರದಲ್ಲಿ ಕಂಬಳಿಯೊಳಗೆ ಸೇರಿತ್ತು. ಅತ್ತೆ ಕೋಡುಬಳೆ ಡಬ್ಬಿ ತಂದರು. ಅಸ್ಥಿಪಂಜರದ ವೇಷದವನಿಗೆ ಎರಡು ಜಾಸ್ತಿ. "ಪಾಪ, ಮೂಳೆ ಕಾಣ್ತಿದೆ."

ಡಬ್ಬಿಯೂ ಖಾಲಿಯಾಯಿತು. ಅತ್ತೆ ಕಾಗದ, ಪೆನ್ನು ಕೇಳಿದರು. 1990ರ ದಶಕದಲ್ಲಿ ಬೆಂಗಳೂರಲ್ಲಿ ರಾತ್ರಿ ಬಾಗಿಲು ತಟ್ಟುವ ದೆವ್ವದ ಸುದ್ದಿ ಹಬ್ಬಿ, ಜನ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದರು, ನೆನಪಿದೆ ಅಲ್ವಾ? ದೆವ್ವ ಅದನ್ನು ಓದಿ ವಾಪಸ್ ಹೋಗಿ, ಮಾರನೇ ದಿನ ಬಂದು ಮತ್ತೆ ಅದನ್ನೇ ಓದುತ್ತಿತ್ತಂತೆ. ಅಂಥ ಸಂಭಾವಿತ ದೆವ್ವ ಈಗೆಲ್ಲಿ! ಅತ್ತೆ ಅದನ್ನೇ ದೊಡ್ಡದಾಗಿ ಬರೆದು ಅಂಟಿಸಿದರು. ಕನ್ನಡ ಬಾರದ ಡ್ರಾಕುಲಾಗಳು ಬೆಲ್ ಒತ್ತುತ್ತಲೇ ಇದ್ದರು. ಕೊನೆಗೆ ಹೊರಗಿನ ಲೈಟ್ ಆರಿಸಿದೆ. ಇಲ್ಲಿಯ ಮಕ್ಕಳಿಗೆ ಅರ್ಥವಾಗುವುದು ಅದೇ.

ಮರುದಿನ ನವೆಂಬರ್ 1. ಸಂಜೆ ಮತ್ತೆ ಬೆಲ್. ನೋಡಿದರೆ ಹಿಂದಿನ ಬೀದಿಯ ಕನ್ನಡದವರ ಹುಡುಗಿ, ವಾರಕ್ಕೊಮ್ಮೆ ಕನ್ನಡ ಕಲಿ ಕ್ಲಾಸಿಗೆ ಹೋಗುವವಳು. ಕೈಯಲ್ಲಿ ಖಾಲಿ ಚೀಲ.

"ನೀವೇ ಬರೆದಿದ್ರಲ್ಲ ಆಂಟಿ, ಅದಕ್ಕೇ ಇವತ್ತು ಬಂದೆ."

"ರಾಜ್ಯೋತ್ಸವದ ದಿನ ಕನ್ನಡ ಓದ್ಕೊಂಡು ಬಂದಿದೆ ಮಗು," ಎಂದು ಅತ್ತೆ ಸೆರಗು ಸಿಕ್ಕಿಸಿದರು. "ಬಾಣಲೆ ಇಡು, ಹಿಟ್ಟು ಕಲಸ್ತೀನಿ."