ಅವಳನ್ಯಾಕೆ ಕೂರಿಸಿದ್ರು?

ಸೋತ ತಂಡದ ಅಭಿಮಾನಿಗಳು ಬೇಗ ಮನೆ ಸೇರುತ್ತಾರೆ. ಪಾರ್ಕಿಂಗ್ ಜಾಗದಲ್ಲಿ ನಿಂತು ವಾದ ಮಾಡುವವರು ಗೆದ್ದ ತಂಡದವರೇ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಮೂವತ್ತು ಪಾಯಿಂಟಿನ ಗೆಲುವೂ ಅವರಿಗೆ ಸಾಲುವುದಿಲ್ಲ. "ಗೆದ್ದಿದ್ದೇನೋ ಸರಿ. ಆದ್ರೆ ಮೂರನೇ ಕ್ವಾರ್ಟರಿನಲ್ಲಿ ಆ ಹುಡುಗಿಯನ್ನ ಯಾಕೆ ಕೂರಿಸಿದ್ರು?" ಅಂತ ಒಬ್ಬರು ಬಾಯಿ ಬಿಟ್ಟರೆ ಸಾಕು, ಪಕ್ಕದ ಕಾರಿನವರು ಎಂಜಿನ್ ಆಫ್ ಮಾಡಿ ಕೆಳಗಿಳಿಯುತ್ತಾರೆ.

ಅಮೆರಿಕದ ಸೌತ್ ಕೆರೊಲಿನಾ ರಾಜ್ಯದ ಕೊಲಂಬಿಯಾದಲ್ಲಿ ಇದ್ದಷ್ಟು ಕಾಲ ನಾನು ಈ ವಾದಗಳನ್ನು ಪುಕ್ಕಟೆಯಾಗಿ ಕೇಳಿದೆ. ಅಲ್ಲಿನ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ ಆಡುವುದು ಹದಿನೆಂಟು ಸಾವಿರ ಜನ ಹಿಡಿಸುವ ಕಲೋನಿಯಲ್ ಲೈಫ್ ಅರೀನಾದಲ್ಲಿ. ಕಾಲೇಜು ಹುಡುಗಿಯರ ಆಟ ನೋಡಲು ಅಷ್ಟು ದೊಡ್ಡ ಕ್ರೀಡಾಂಗಣ ತುಂಬುತ್ತದೆ ಅಂದರೆ ಊರಲ್ಲಿ ಯಾರೂ ನಂಬಲಿಲ್ಲ. ಫೋಟೋ ಕಳಿಸಬೇಕಾಯಿತು. ತಂಡದ ಗುರುತು ಅಂಕದ ಹುಂಜ, ಅಂದರೆ ಕೋಳಿ ಕಾಳಗದ ಹುಂಜ. ಕರಾವಳಿಯಿಂದ ಹೋದ ನನಗೆ ಅದೊಂದೇ ಕಾರಣ ಸಾಕಿತ್ತು, ಆ ತಂಡದ ಕಡೆ ಸೇರಲು. ಅಂಕದ ಕಳದ ಸುತ್ತ ನಿಂತವರೂ ಹೀಗೇ ಅಲ್ವಾ, ತಮ್ಮ ಹುಂಜ ಗೆದ್ದ ಮೇಲೂ ಅರ್ಧ ಗಂಟೆ ಮಾತಾಡುತ್ತಾರೆ.

ತಂಡದ ಕೋಚ್ ಡಾನ್ ಸ್ಟೇಲಿ. ಆಟಗಾರ್ತಿಯಾಗಿ ಮೂರು ಒಲಿಂಪಿಕ್ ಚಿನ್ನ ಗೆದ್ದವರು. 2008ರಲ್ಲಿ ಕೊಲಂಬಿಯಾಕ್ಕೆ ಬಂದಾಗ ಮೊದಲ ಸೀಸನ್‌ನಲ್ಲಿ ತಂಡ ಗೆದ್ದದ್ದು 10 ಪಂದ್ಯ, ಸೋತದ್ದು 18. ಆ ವರ್ಷ ಯಾರನ್ನು ಎಷ್ಟು ನಿಮಿಷ ಆಡಿಸಿದರು ಅಂತ ಯಾರು ಲೆಕ್ಕ ಇಟ್ಟಿದ್ದರು? ಆಮೇಲೆ 2017, 2022, 2024ರಲ್ಲಿ ರಾಷ್ಟ್ರೀಯ ಚಾಂಪಿಯನ್ ಪಟ್ಟ ಬಂತು. ಗೆಲುವಿನ ಜೊತೆಗೆ ಜನ ಬಂದರು, ಜನರ ಜೊತೆಗೆ ಲೆಕ್ಕ ಬಂತು.

ಲೆಕ್ಕ ನೋಡಿದರೆ ಬಹಳ ಸುಲಭ. ಒಂದು ಪಂದ್ಯಕ್ಕೆ ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ಅಂದರೆ 40 ನಿಮಿಷ. ಅಂಕಣದಲ್ಲಿ ಒಂದು ತಂಡದ ಐವರು. ಅಲ್ಲಿಗೆ ಹಂಚಲು ಇರುವುದು 200 ನಿಮಿಷ. ಎಷ್ಟು ಒಳ್ಳೆಯ ಆಟಗಾರ್ತಿಯರು ಬಂದರೂ ಇನ್ನೂರು ಇನ್ನೂರೇ. ಈ ಸರಳ ಸಂಗತಿಯನ್ನು ಒಪ್ಪಿಕೊಂಡ ಅಭಿಮಾನಿಯನ್ನು ನಾನು ಇನ್ನೂ ನೋಡಿಲ್ಲ.

ನಾನು ಕೂರುತ್ತಿದ್ದ ಸಾಲಿನಲ್ಲಿ ಒಬ್ಬರು ಅಜ್ಜಿ ಇದ್ದರು. ನಿವೃತ್ತ ಟೀಚರ್. ಕಡುಗೆಂಪು ಶಾಲು, ಕೈಯಲ್ಲಿ ಪೆನ್ನು, ಮಡಿಸಿದ ಕಾಗದ. ಒಮ್ಮೆ ತಮ್ಮ ಹಂಚಿಕೆಯನ್ನು ನನಗೆ ತೋರಿಸಿದರು. ಇವಳಿಗೆ ಮೂವತ್ತು, ಅವಳಿಗೆ ಇಪ್ಪತ್ತೆಂಟು, ಪಾಪ ಆ ಸಣ್ಣವಳಿಗೆ ಇಪ್ಪತ್ತು. ಕೂಡಿ ನೋಡಿದರೆ ಇನ್ನೂರ ಅರವತ್ತರ ಹತ್ತಿರ.

"ಅಜ್ಜಿ, ಅರವತ್ತು ಜಾಸ್ತಿ ಆಯ್ತಲ್ಲ."

"ಅದನ್ನ ಸರಿ ಮಾಡೋದು ಡಾನ್ ಕೆಲಸ. ಅದಕ್ಕೇ ತಾನೇ ಸಂಬಳ?"

ಸಂಬಳ ಕಡಿಮೆ ಏನಲ್ಲ. 2025ರ ಜನವರಿಯಲ್ಲಿ ಆದ ಒಪ್ಪಂದದ ಪ್ರಕಾರ ವರ್ಷಕ್ಕೆ ಸುಮಾರು 40 ಲಕ್ಷ ಡಾಲರ್. ಅಷ್ಟು ಕೊಟ್ಟ ಮೇಲೆ ಅರವತ್ತು ನಿಮಿಷ ಹೆಚ್ಚಿಗೆ ಹುಟ್ಟಿಸಲಿ ಅನ್ನುವುದು ಅಜ್ಜಿಯ ನ್ಯಾಯ.

ಈ ವಾದಗಳಲ್ಲಿ ಹೆಚ್ಚಿನವು ಒಂದೇ ಹೆಸರಿನ ಸುತ್ತ ತಿರುಗುತ್ತಿದ್ದವು. ಮಿಲೇಶಿಯಾ ಫುಲ್‌ವೈಲಿ. ಕೊಲಂಬಿಯಾದಲ್ಲೇ ಬೆಳೆದವಳು, ಅಲ್ಲಿನ ಹೈಸ್ಕೂಲಿನಲ್ಲೇ ಆಡಿದವಳು. ಅಂದರೆ ಊರ ಹುಡುಗಿ. 2023ರ ನವೆಂಬರಿನಲ್ಲಿ ಅವಳ ಮೊದಲ ಕಾಲೇಜು ಪಂದ್ಯ ನಡೆದದ್ದು ಪ್ಯಾರಿಸ್‌ನಲ್ಲಿ, ನೋತ್ರ ಡೇಮ್ ತಂಡದ ಎದುರು. ಅಲ್ಲಿ ಅವಳು ಚೆಂಡು ಹಿಡಿದು ಅಂಕಣದ ಉದ್ದಕ್ಕೂ ಓಡಿದಳು. ಬುಟ್ಟಿಯ ಹತ್ತಿರ ಬಂದಾಗ ಚೆಂಡನ್ನು ಬೆನ್ನ ಹಿಂದಿನಿಂದ ಈಚೆ ಕೈಗೆ ತಂದು, ಗಾಳಿಯಲ್ಲಿ ಒಂದು ಸುತ್ತು ತಿರುಗಿದವಳ ಹಾಗೆ ಒಳಗೆ ಹಾಕಿದಳು. ಬ್ಯಾಸ್ಕೆಟ್‌ಬಾಲ್ ದಂತಕಥೆ ಮ್ಯಾಜಿಕ್ ಜಾನ್ಸನ್ ಅಂಥವರೇ ಅದನ್ನು ನೋಡಿ ಹೊಗಳಿದರು. ತಂಡ 100-71ರಲ್ಲಿ ಗೆದ್ದಿತು. ಅವಳಿಗೆ 17 ಪಾಯಿಂಟ್.

ಅಷ್ಟಾದ ಮೇಲೆ ಊರಿನವರು ಸುಮ್ನಿರುತ್ತಾರಾ? ಆದರೆ ಸ್ಟೇಲಿ ಅವಳನ್ನು ಆಟ ಶುರು ಮಾಡುವ ಮೊದಲ ಐವರಲ್ಲಿ ಇಳಿಸದೆ, ನಡುವೆ ಬೆಂಚಿನಿಂದಲೇ ಕಳಿಸುತ್ತಿದ್ದರು. ಎರಡು ಸೀಸನ್ನಿನಲ್ಲೂ ಸರಾಸರಿ ಇಪ್ಪತ್ತು ನಿಮಿಷವೂ ಸಿಗಲಿಲ್ಲ. ಬಂದಳು ಅಂದರೆ ಇಡೀ ಅರೀನಾ ಎದ್ದು ಕೂರುತ್ತಿತ್ತು. ಅಸಾಧ್ಯವಾದ ಒಂದು ಶಾಟ್ ಹಾಕುತ್ತಿದ್ದಳು. ಮರುಕ್ಷಣ ಆಚೆ ತುದಿಯಲ್ಲಿ ತಾನು ಕಾಯಬೇಕಾದವಳನ್ನು ಮರೆತು ಚೆಂಡಿನ ಹಿಂದೆ ಹೋಗಿಬಿಡುತ್ತಿದ್ದಳು. ಮೊದಲನೆಯದನ್ನು ಹದಿನೆಂಟು ಸಾವಿರ ಜನ ನೋಡುತ್ತಿದ್ದರು. ಎರಡನೆಯದನ್ನು ಸ್ಟೇಲಿ ಒಬ್ಬರೇ ನೋಡುತ್ತಿದ್ದರು. ಎರಡೇ ನಿಮಿಷದಲ್ಲಿ ಹುಡುಗಿ ಮತ್ತೆ ಬೆಂಚಿಗೆ. ಆಗ ನಮ್ಮ ಸಾಲಿನಿಂದ ಒಂದು ನಿಟ್ಟುಸಿರು, ಹಿಂದಿನ ಸಾಲಿನಿಂದ ಒಂದು ಬೈಗುಳ.

ನನ್ನ ಓಟು ಸ್ಟೇಲಿ ಕಡೆಗೆ. ಡಿಫೆನ್ಸ್ ಆಡದಿದ್ದರೆ ಕೂರು ಅನ್ನುವುದರಲ್ಲಿ ತಪ್ಪೇನಿಲ್ಲ. ಆದರೆ ನಾನು ಟಿಕೆಟಿಗೆ ದುಡ್ಡು ಕೊಟ್ಟದ್ದು ಫುಲ್‌ವೈಲಿಯನ್ನು ನೋಡಲಿಕ್ಕೆ. ಎರಡೂ ನಿಜ.

ಕರ್ನಾಟಕದವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. 2016ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಕರುಣ್ ನಾಯರ್ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ಹೊಡೆದರು. ಮುಂದಿನ ಟೆಸ್ಟ್‌ಗೆ ಅಜಿಂಕ್ಯ ರಹಾನೆ ವಾಪಸು ಬಂದರು, ಕರುಣ್ ಹೊರಗೆ ಕೂತರು. ಅದಾಗಿ ವರ್ಷಗಳೇ ಕಳೆದರೂ ಮದುವೆ ಮನೆಯಲ್ಲಿ ಈ ವಿಷಯ ಎತ್ತಿ ನೋಡಿ, ಪಾಯಸ ಆರಿಹೋಗುವವರೆಗೂ ಮಾತು ನಿಲ್ಲುವುದಿಲ್ಲ. ಅಜ್ಜಿಗೆ ಈ ಕಥೆ ಹೇಳಿದೆ. ಕ್ರಿಕೆಟ್ ಅವರಿಗೆ ಅ ಆ ಇ ಈ ಕೂಡ ಗೊತ್ತಿಲ್ಲ. "ಮುನ್ನೂರು ಅಂದ್ರೆ ಜಾಸ್ತಿನಾ?" ಅಂತ ಕೇಳಿದರು. ಜಾಸ್ತಿ ಅಂದೆ. "ಹಾಗಾದ್ರೆ ಆ ಕೋಚ್ ತಪ್ಪು" ಅಂತ ಅಲ್ಲೇ ತೀರ್ಪು ಕೊಟ್ಟರು.

ಬೆಂಚಿನ ಮೇಲೆ ಕೂತವಳ ಪರವಾಗಿ ವಾದ ಮಾಡುವುದು ಬಹಳ ಸುಲಭ. ಅವಳು ಶಾಟ್ ತಪ್ಪಿಸುವುದಿಲ್ಲ. ಫೌಲ್ ಮಾಡುವುದಿಲ್ಲ. ಎದುರಾಳಿಯ ಕೈಗೆ ಪಾಸ್ ಕೊಡುವುದಿಲ್ಲ. ಆಡುತ್ತಿರುವವಳು ಪಾಪ ಎಲ್ಲರ ಕಣ್ಣೆದುರು ಇವೆಲ್ಲ ಮಾಡುತ್ತಿರುತ್ತಾಳೆ. ಹಾಗಾಗಿ ಯಾವ ತಂಡದಲ್ಲೇ ಆಗಲಿ, ಅಭಿಮಾನಿಗಳ ಪಾಲಿಗೆ ಅತ್ಯುತ್ತಮ ಆಟಗಾರ್ತಿ ಯಾವತ್ತೂ ಆ ಹೊತ್ತಿಗೆ ಕೂತಿರುವವಳು.

ಕೆಲವು ಸಲ ಇದು ನಿಜವೂ ಆಗುತ್ತದೆ, ಕಷ್ಟ ಇರುವುದೇ ಅಲ್ಲಿ. 2022-23ರಲ್ಲಿ ಲೆಟೀಶಿಯಾ ಅಮಿಹೇರ್ ಬೆಂಚಿನಿಂದ ಬರುತ್ತಿದ್ದಳು. ಜಿಯಾ ಕುಕ್ ಮೊದಲ ಐವರಲ್ಲಿದ್ದಳು. ಆ ವರ್ಷದ ಡಬ್ಲ್ಯುಎನ್‌ಬಿಎ ಡ್ರಾಫ್ಟಿನಲ್ಲಿ, ಅಂದರೆ ಮಹಿಳೆಯರ ವೃತ್ತಿಪರ ಲೀಗಿನ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವಾಗ, ಅಮಿಹೇರ್ 8ನೆಯವಳಾಗಿ ಆಯ್ಕೆಯಾದಳು, ಕುಕ್ 10ನೆಯವಳಾಗಿ. ಇನ್ನು ಜಾಯ್ಸ್ ಎಡ್ವರ್ಡ್ಸ್. 2024-25ರಲ್ಲಿ ಬಹುತೇಕ ಪಂದ್ಯಗಳಿಗೆ ಬೆಂಚಿನಿಂದ ಬಂದಳು. ಸೀಸನ್ ಮುಗಿದಾಗ ನೋಡಿದರೆ ತಂಡಕ್ಕೆ ಅತಿ ಹೆಚ್ಚು ಪಾಯಿಂಟ್ ತಂದವಳು ಅವಳೇ. ಇಂಥದ್ದು ಒಂದು ಸಿಕ್ಕರೆ ಅಭಿಮಾನಿಗೆ ಹತ್ತು ವರ್ಷಕ್ಕೆ ಸಾಕಾಗುವಷ್ಟು ಧೈರ್ಯ ಬರುತ್ತದೆ.

ಸ್ಟೇಲಿ ಪರ ಇರುವವರ ಕೈಯಲ್ಲೂ ಒಂದು ದೊಡ್ಡ ಅಸ್ತ್ರ ಇದೆ. 2024ರ ಏಪ್ರಿಲ್ 7ರ ಫೈನಲ್. ಊರು ಕ್ಲೀವ್‌ಲ್ಯಾಂಡ್, ಎದುರಾಳಿ ಅಯೋವಾ. ಅಂದರೆ ಆಗ ಕಾಲೇಜು ಆಟದ ಅತಿ ದೊಡ್ಡ ತಾರೆಯಾಗಿದ್ದ ಕೇಟ್ಲಿನ್ ಕ್ಲಾರ್ಕ್ ಇದ್ದ ತಂಡ. ಅಯೋವಾ ಶುರುವಿನಲ್ಲೇ 10-0. ಮೊದಲ ಕ್ವಾರ್ಟರಿನಲ್ಲೇ ಕ್ಲಾರ್ಕ್ 18 ಪಾಯಿಂಟ್ ಹೊಡೆದಳು. ಸೌತ್ ಕೆರೊಲಿನಾದವರ ಮುಖ ಬಿಳುಚಿಕೊಂಡಿತ್ತು. ಆಮೇಲೆ ಬೆಂಚಿನವರು ಒಬ್ಬೊಬ್ಬರಾಗಿ ಬರತೊಡಗಿದರು. ಮೊದಲ ವರ್ಷದ ಟೆಸ್ಸಾ ಜಾನ್ಸನ್ 19 ಪಾಯಿಂಟ್ ಮಾಡಿದಳು. ಅತ್ತ ಕ್ಲಾರ್ಕ್ ಉಳಿದ ಮೂರು ಕ್ವಾರ್ಟರಿನಲ್ಲಿ ಗಳಿಸಿದ್ದು 12 ಮಾತ್ರ. ಕೊನೆಗೆ 87-75. ಬೆಂಚಿನವರ ಪಾಯಿಂಟ್ ಎಷ್ಟು ಗೊತ್ತಾ? ಸೌತ್ ಕೆರೊಲಿನಾ 37, ಅಯೋವಾ ಸೊನ್ನೆ. ಆ ಸೀಸನ್‌ನಲ್ಲಿ ತಂಡ ಆಡಿದ್ದು 38 ಪಂದ್ಯ, ಗೆದ್ದದ್ದೂ 38.

ಒಂದೂ ಸೋಲದ ಆ ವರ್ಷವೂ ನಿಮಿಷಗಳ ಜಗಳ ನಿಲ್ಲಲಿಲ್ಲ ಅನ್ನುವುದನ್ನು ಇಲ್ಲಿ ಹೇಳಲೇಬೇಕು.

ಹಿಂದಿನ ವರ್ಷ ಇದೇ ಅಯೋವಾ ಎದುರು ಸೆಮಿಫೈನಲ್‌ನಲ್ಲಿ 77-73ರಲ್ಲಿ ಸೋತಿದ್ದರು. ಆ ಪಂದ್ಯದಲ್ಲಿ ಕ್ಲಾರ್ಕ್, ನಮ್ಮ ತಂಡದ ರೇವನ್ ಜಾನ್ಸನ್ ಕೈಗೆ ಚೆಂಡು ಬಂದಾಗ ತಡೆಯಲು ಹತ್ತಿರವೂ ಹೋಗದೆ, ನೀನು ಹಾಕಿದರೆ ಹಾಕು ಅನ್ನುವಂತೆ ಕೈ ಬೀಸಿದಳು. ಆ ದೃಶ್ಯ ಊರಿಗೆಲ್ಲ ಹಬ್ಬಿತು. ರೇವನ್‌ಳನ್ನು ಆಡಿಸಿದ್ದೇ ತಪ್ಪು ಅಂದವರು ಎಷ್ಟೋ ಮಂದಿ. ಮುಂದಿನ ವರ್ಷ ಸ್ಟೇಲಿ ಅವಳನ್ನೇ ಮೊದಲ ಐವರಲ್ಲಿ ನಿಲ್ಲಿಸಿದರು. ಫೈನಲ್‌ನಲ್ಲಿ ಅವಳು ಕ್ಲಾರ್ಕ್ ಕೈಯಿಂದಲೇ ಚೆಂಡು ಕಸಿದು ಓಡಿ ಬುಟ್ಟಿಗೆ ಹಾಕಿದಳು. ಹಿಂದಿನ ವರ್ಷ ಬೈದವರೆಲ್ಲ "ನಾನು ಮೊದಲೇ ಹೇಳಿದ್ದೆ" ಅಂದರು. ಈ ಮಾತಿಗೆ ಯಾವ ದೇಶದಲ್ಲೂ ಸಾಕ್ಷಿ ಕೇಳುವುದಿಲ್ಲ.

ಅಭಿಮಾನಿಗಳಲ್ಲಿ ನನಗೆ ಸ್ವಲ್ಪ ಭಯ ಇರುವುದು ಪ್ಲಸ್-ಮೈನಸ್ ಹಿಡಿದುಕೊಂಡು ಬರುವವರ ಬಗ್ಗೆ. ಒಬ್ಬಳು ಅಂಕಣದಲ್ಲಿ ಇರುವಷ್ಟು ಹೊತ್ತು ತಂಡ ಎಷ್ಟು ಪಾಯಿಂಟ್ ಮುಂದೆ ಹೋಯಿತು, ಎಷ್ಟು ಹಿಂದೆ ಬಿತ್ತು ಅನ್ನುವ ಲೆಕ್ಕ ಅದು. ಅದರಲ್ಲಿ ಸತ್ಯ ಇಲ್ಲವೆಂದಲ್ಲ. ಆದರೆ ನಮ್ಮ ತಂಡದ ಆರಡಿ ಏಳಂಗುಲದ ಕಮಿಲ್ಲಾ ಕಾರ್ಡೊಸೊ ಪಕ್ಕದಲ್ಲಿ ನನ್ನನ್ನು ಸುಮ್ನೆ ನಿಲ್ಲಿಸಿದರೂ ನನ್ನ ಪ್ಲಸ್ ಹತ್ತಾದರೂ ಬರುತ್ತಿತ್ತು.

ಎಲ್ಲರ ಬಾಯಿ ಮುಚ್ಚಿಸುವ ಒಂದು ಜಾಗ ಇತ್ತು. ಬೆಂಚಿನ ಹಿಂದಿನ ಸಾಲುಗಳು. ಅಲ್ಲಿ ಹುಡುಗಿಯರ ಮನೆಯವರು ಕೂರುತ್ತಾರೆ. ಅಲ್ಲಿ ಹೋಗಿ ಯಾರೂ "ಆ ಹನ್ನೆರಡನೇ ನಂಬರಿನವಳನ್ನ ಹೊರಗೆ ಕರೀರಿ" ಅಂತ ಕೂಗುವುದಿಲ್ಲ, ಅವಳಮ್ಮ ತಿರುಗಿ ನೋಡಿದರೆ? ಪಂದ್ಯ ಕೈಗೆ ಬಂದು ಕೊನೆಯ ನಾಲ್ಕು ನಿಮಿಷ ಉಳಿದಾಗ, ಸೀಸನ್ ಉದ್ದಕ್ಕೂ ನೀರಿನ ಬಾಟಲಿ ಹಿಡಿದು ಚಪ್ಪಾಳೆ ತಟ್ಟಿದ ಹುಡುಗಿಯರು ಅಂಕಣಕ್ಕೆ ಇಳಿಯುತ್ತಾರೆ. ಅಲ್ಲಿನವರು ಅದನ್ನು ಗಾರ್ಬೇಜ್ ಟೈಮ್ ಅನ್ನುತ್ತಾರೆ. ಜನ ಜಾಕೆಟ್ ಹಾಕಿಕೊಳ್ಳಲು ಶುರು ಮಾಡುವ ಹೊತ್ತು. ಆ ಸಾಲುಗಳಲ್ಲಿ ಮಾತ್ರ ಯಾರೂ ಏಳುವುದಿಲ್ಲ. ಒಬ್ಬ ಅಪ್ಪ ಎರಡೂ ಕೈಯಲ್ಲಿ ಫೋನ್ ಹಿಡಿದು ವಿಡಿಯೋ ಮಾಡುತ್ತಿರುತ್ತಾನೆ. ಆ ಹುಡುಗಿ ಮೂರು ಪಾಯಿಂಟಿನ ಶಾಟ್ ಒಂದನ್ನು ಹಾಕಿಬಿಟ್ಟರೆ ಬೆಂಚಿನ ಮೇಲಿನ ದೊಡ್ಡ ದೊಡ್ಡ ಆಟಗಾರ್ತಿಯರೆಲ್ಲ ಟವೆಲ್ ಬೀಸಿ ಕುಣಿಯುತ್ತಾರೆ. ಪಂದ್ಯದ ಅತಿ ದೊಡ್ಡ ಸದ್ದು ಆಗಲೇ ಬರುವುದು. ಅಂಥ ಒಂದು ರಾತ್ರಿ ಅಜ್ಜಿ ತಮ್ಮ ಕಾಗದ ತೆಗೆದು ಆ ಹುಡುಗಿಗೆ ಐದು ನಿಮಿಷ ಬರೆದುಕೊಂಡರು. ಒಟ್ಟು ಇನ್ನೂರ ಅರವತ್ತೈದು.

ಆಟ ಹುಟ್ಟಿದ ಕಾಲದಲ್ಲಿ ಈ ತಾಪತ್ರಯ ಬೇರೆ ಥರ ಇತ್ತು. 1893ರ ಮಾರ್ಚಿನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಎಂಬ ಟೀಚರ್ ಹುಡುಗಿಯರಿಂದ ಪಂದ್ಯ ಆಡಿಸಿದರು. ಗಂಡಸರಿಗೆ ಒಳಗೆ ಪ್ರವೇಶ ಇರಲಿಲ್ಲ. ಹುಡುಗಿಯರಿಗೆ ಆಯಾಸ ಆಗಬಾರದು ಅಂತ ಅವರು ಅಂಕಣವನ್ನು ಮೂರು ಭಾಗ ಮಾಡಿದ್ದರು. ಯಾರೂ ತಮ್ಮ ಭಾಗ ದಾಟುವಂತಿಲ್ಲ. ಅಯೋವಾದ ಹೈಸ್ಕೂಲುಗಳಲ್ಲಂತೂ ಆರು ಹುಡುಗಿಯರ ಆಟ 1993ರವರೆಗೂ ನಡೆಯಿತು. ಅರ್ಧ ಅಂಕಣದಲ್ಲಿ ಬುಟ್ಟಿಗೆ ಹಾಕುವ ಮೂವರು, ಇನ್ನರ್ಧದಲ್ಲಿ ತಡೆಯುವ ಮೂವರು. ತಡೆಯುವವಳು ಪಂದ್ಯ ಪೂರ್ತಿ ಆಡಿದರೂ ಒಂದು ಶಾಟ್ ಹೊಡೆಯುವಂತಿಲ್ಲ. ಅವಳ ಮನೆಯವರಿಗೆ ನಿಮಿಷಗಳ ದೂರು ಇರಲಿಕ್ಕಿಲ್ಲ. ಬೇರೆ ದೂರು ಖಂಡಿತ ಇದ್ದಿರಬೇಕು.

ದೂರೇ ಇಲ್ಲದ ಕಾಲವೂ ಬರುವುದುಂಟು, ಬಂದರೆ ಯಾರಿಗೂ ಬೇಡ. 2023ರ ಜನವರಿಯಲ್ಲಿ ಕನೆಕ್ಟಿಕಟ್‌ನ ಯುಕಾನ್ ತಂಡದಲ್ಲಿ ಎಷ್ಟು ಜನ ಗಾಯಗೊಂಡಿದ್ದರೆಂದರೆ, ಕಡ್ಡಾಯವಾಗಿ ಇರಬೇಕಾದ ಏಳು ಮಂದಿ ಸ್ಕಾಲರ್‌ಶಿಪ್ ಆಟಗಾರ್ತಿಯರೂ ಸಿಗದೆ ಡಿಪಾಲ್ ಜೊತೆಗಿನ ಪಂದ್ಯವನ್ನೇ ಮುಂದೂಡಬೇಕಾಯಿತು. ಯಾರನ್ನು ಕೂರಿಸಬೇಕು ಅನ್ನುವ ಪ್ರಶ್ನೆಯೇ ಅಲ್ಲಿ ಉಳಿದಿರಲಿಲ್ಲ.

ಈಗ ಈ ಜಗಳಕ್ಕೆ ಹೊಸ ಬಿಸಿ ಬಂದಿದೆ. ಮೊದಲೆಲ್ಲ ಕಾಲೇಜು ಬದಲಿಸಿದ ಆಟಗಾರ್ತಿ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕಾಯಬೇಕಿತ್ತು. 2021ರಿಂದ ಆ ಕಟ್ಟು ಸಡಿಲವಾಯಿತು. ಅದೇ ವರ್ಷದಿಂದ ಜಾಹೀರಾತಿನ ದುಡ್ಡನ್ನೂ ಪಡೆಯಬಹುದು. ಹೆಚ್ಚು ಹೊತ್ತು ಆಡಿದವಳ ಮುಖ ಹೆಚ್ಚು ಹೊತ್ತು ಟಿವಿಯಲ್ಲಿ. ಹಾಗಾಗಿ ನಿಮಿಷ ಅಂದರೆ ಬರೀ ನಿಮಿಷ ಅಲ್ಲ. ಮೊದಲು "ಪಾಪ, ಅವಳಿಗೂ ಆಟ ಸಿಗಲಿ" ಅನ್ನುತ್ತಿದ್ದವರು ಈಗ "ಆಟ ಕೊಡದಿದ್ರೆ ಹೊರಟು ಹೋಗ್ತಾಳೆ ನೋಡಿ" ಅನ್ನುತ್ತಾರೆ.

ಹೋದಳು ಕೂಡ. 2025ರ ಏಪ್ರಿಲ್ 6ರಂದು ಟ್ಯಾಂಪಾದ ಫೈನಲ್‌ನಲ್ಲಿ ಯುಕಾನ್ ಎದುರು ಸೌತ್ ಕೆರೊಲಿನಾ 82-59ರಲ್ಲಿ ಸೋತಿತು. ಅದೇ ತಿಂಗಳು ಫುಲ್‌ವೈಲಿ ತಂಡ ಬಿಟ್ಟು, ಹಳೇ ಎದುರಾಳಿ ಎಲ್‌ಎಸ್‌ಯು, ಅಂದರೆ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಸೇರಿದಳು. ಆ ಹೊತ್ತಿಗೆ ದೇಶದಲ್ಲೇ ಅತಿ ಹೆಚ್ಚು ಸರಾಸರಿ ಪಾಯಿಂಟ್ ಗಳಿಸಿದ್ದ ಟನಾಯಾ ಲ್ಯಾಟ್ಸನ್, ಫ್ಲೋರಿಡಾ ಸ್ಟೇಟ್ ಬಿಟ್ಟು ಕೊಲಂಬಿಯಾಕ್ಕೆ ಬಂದಳು. ಒಬ್ಬಳ ನಿಮಿಷ ಖಾಲಿಯಾಯಿತು ಅಂದುಕೊಳ್ಳುವಷ್ಟರಲ್ಲಿ ತುಂಬಿಯೂ ಹೋಯಿತು.

ಅಜ್ಜಿಗೆ ಫೋನ್ ಮಾಡಿದೆ. ನಮ್ಮ ಹುಡುಗಿ ಎದುರಾಳಿ ಆಗಿಬಿಟ್ಟಳಲ್ಲ, ಬೇಜಾರಾಗಿರಬೇಕು ಅಂದುಕೊಂಡೆ. ಅವರು ಎಲ್‌ಎಸ್‌ಯು ಪಂದ್ಯಗಳ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು.

"ಆ ತಂಡ ಸೋಲ್ಲಿ ಅಂತಲೇ ನೋಡ್ತೀನಿ" ಅಂದರು. "ಆದ್ರೆ ಮೂವತ್ತು ನಿಮಿಷಕ್ಕಿಂತ ಕಡಿಮೆ ಆಡಿಸಿದ್ರೆ ಆ ಕೋಚ್‌ಗೆ ಕಾಗದ ಬರೀತೀನಿ."