ಬಾಗಿಲು ತೆರೆದಿಡುತ್ತಿದ್ದದ್ದು ಪ್ರೀತಿಗಲ್ಲ, ಸೆಖೆಗೆ

ಮುಂಬೈ ವರ್ಲಿಯ ಬಿಡಿಡಿ ಚಾಳ, ಅಂದರೆ ಕೂಲಿಕಾರರ ಒಂದೊಂದೇ ಕೋಣೆಯ ಮನೆಗಳ ಹಳೇ ವಠಾರ, ಕೆಡವುತ್ತಿದ್ದಾರೆ ಅಂದಕೂಡಲೇ ಎಲ್ಲರಿಗೂ ಅದರ ಮೇಲೆ ಪ್ರೀತಿ ಉಕ್ಕಿದೆ. ರೀಲ್ಸ್ ಮಾಡುವವರು ನಮ್ಮಂಥ ಹಳಬರನ್ನು ಹುಡುಕಿಕೊಂಡು ಬರುತ್ತಾರೆ. ‘ಅಜ್ಜಿ, ಆಗಿನ ಒಗ್ಗಟ್ಟು ಹೇಗಿತ್ತು ಹೇಳಿ’ ಅಂತಾರೆ. ಸಂಡಾಸಿನ ಪಾಳಿ ಬಗ್ಗೆ ಹೇಳಲು ಹೊರಟರೆ ಮೊಬೈಲ್ ಕೆಳಗಿಳಿಯುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ನಿಪ್ಪಾಣಿ ಕಡೆಯವಳು. ಬಟ್ಟೆ ಮಿಲ್ ಕೆಲಸದವರನ್ನು ಮದುವೆಯಾಗಿ 1966ರಲ್ಲಿ ಬಂದೆ. ನಮ್ಮ ಖೋಲಿ, ಅಂದರೆ ಕೋಣೆ, 160 ಚದರ ಅಡಿ. ಅದರಲ್ಲೇ ಅತ್ತೆ, ಮಾವ, ಇಬ್ಬರು ಮೈದುನರು. ಸಾಲದ್ದಕ್ಕೆ ಖಾನಾವಳಿ ಬೇರೆ! ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗಂಡಸರು ನಮ್ಮಲ್ಲಿ ಊಟಕ್ಕೆ ಹಚ್ಚಿದ್ದರು. ಮೊದಲ ಶಿಫ್ಟಿನವರಿಗೆ ರೊಟ್ಟಿ ಬಡಿಯಲು ನಸುಕಿನಲ್ಲಿ ಏಳಬೇಕು, ನಳ ಬರುವ ಹೊತ್ತೂ ಅದೇ. ಕೊಡ ಹಿಡಿದು ನಿಂತವರಲ್ಲಿ ಒಬ್ಬ ಗಂಡಸೂ ಇರುತ್ತಿರಲಿಲ್ಲ. ಚಾಳಿನ ಬದುಕು ಎಷ್ಟು ಚಂದ ಅನ್ನುವವರಲ್ಲಿ ಮಾತ್ರ ಅವರೇ ಜಾಸ್ತಿ.

ಸಿನಿಮಾದ ಚಾಳಿಗೆ ಹೊರಗೆ ಉದ್ದ ಗ್ಯಾಲರಿ ಇರುತ್ತದೆ. ನಮ್ಮದು ಹಾಗಲ್ಲ. ನಡುವೆ ಕತ್ತಲ ಪ್ಯಾಸೇಜ್, ಎರಡೂ ಬದಿಗೆ ಹತ್ತತ್ತು ಖೋಲಿ. ನಾಲ್ಕು ಅಂತಸ್ತು ಸೇರಿ 80. 1920ರ ದಶಕದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ (ಅದೇ ಬಿಡಿಡಿ) ಇಂಥ 207 ಕಟ್ಟಡ ಕಟ್ಟಿತು, 121 ವರ್ಲಿಯಲ್ಲೇ. ಮೊದಮೊದಲು ಎಷ್ಟೋ ಖೋಲಿ ಖಾಲಿ ಬಿದ್ದಿದ್ದವು. ಮುಂದೆ ಸತ್ಯಾಗ್ರಹದಲ್ಲಿ ಹಿಡಿದವರನ್ನು ಕೂಡಿಹಾಕಲು ಬ್ರಿಟಿಷರು ವರ್ಲಿ ಚಾಳನ್ನೇ ಜೈಲು ಮಾಡಿಕೊಂಡರು. ಅಂಥ ಮನೆ ಅದು.

ಕಿಟಕಿ ಒಂದೇ ಬದಿಗೆ. ಬಾಗಿಲು ಹಾಕಿದರೆ ಗಾಳಿ ಆಡದು. ಹಾಗಾಗಿ ಎಲ್ಲರ ಬಾಗಿಲೂ ತೆರೆದೇ ಇರುತ್ತಿತ್ತು. ನೀವು ಒಗ್ಗಟ್ಟು ಅನ್ನುವುದು ಹುಟ್ಟಿದ್ದು ಅಲ್ಲಿಂದ. ಅದರ ಬೆಲೆ ನನಗೆ ಗೊತ್ತಾದದ್ದು 1982ರಲ್ಲಿ.

ಆ ಜನವರಿ 18ಕ್ಕೆ ಮಿಲ್ ಮುಷ್ಕರ ಶುರುವಾಯಿತು. ಕಾರ್ಮಿಕ ನಾಯಕ ದತ್ತಾ ಸಾಮಂತರ ಹಿಂದೆ ಸುಮಾರು ಎರಡೂವರೆ ಲಕ್ಷ ಜನ ಕೆಲಸ ಬಿಟ್ಟು ಹೊರಬಂದರು. ಪಗಾರ ನಿಂತಿತು. ಊಟದವರು ಊರಿಗೆ ಹೋದರು, ಖಾನಾವಳಿಯೂ ಮುಚ್ಚಿತು. ಯಾರ ಮನೆಯ ಸ್ಟೋವ್ ಹೊತ್ತಿಲ್ಲ ಅನ್ನುವುದು ಪ್ಯಾಸೇಜಿನಲ್ಲಿ ಓಡಾಡಿದರೆ ಸಾಕು, ಗೊತ್ತಾಗುತ್ತಿತ್ತು. ಎದುರು ಖೋಲಿಯ ವಹಿನಿ (ಮರಾಠಿಯಲ್ಲಿ ಅತ್ತಿಗೆ, ನಾವು ಹಾಗೇ ಕರೆಯುತ್ತಿದ್ದೆವು) ರತ್ನಾಗಿರಿಯವರು. ಅವರ ಯಜಮಾನರು ಪೊಲೀಸು, ಪಗಾರ ಬರುತ್ತಿತ್ತು. ಏನೂ ಕೇಳದೆ ಅನ್ನದ ಪಾತ್ರೆ ಒಳಗಿಟ್ಟು ಹೋಗುತ್ತಿದ್ದರು. ಬೇಡ ಅನ್ನೋಣ ಅಂದರೆ ಮಕ್ಕಳು ಆಗಲೇ ತಟ್ಟೆ ತಂದಿರುತ್ತಿದ್ದವು.

ಈಗ ಚಾಳ ಕೆಡವಿದ ಜಾಗದಲ್ಲಿ ಎತ್ತರದ ಕಟ್ಟಡ ಕಟ್ಟಿ ಅಲ್ಲಿದ್ದವರಿಗೇ ಮನೆ ಕೊಡುತ್ತಿದ್ದಾರೆ. 2025ರ ಆಗಸ್ಟ್‌ನಲ್ಲಿ ವರ್ಲಿಯ ಮೊದಲ 556 ಹೊಸ ಮನೆಗಳ ಕೀಲಿ ಕೊಟ್ಟರು. ನಮ್ಮದೂ ಒಂದು. 500 ಚದರ ಅಡಿ, ದುಡ್ಡಿಲ್ಲದೆ. ಮಂಡಿನೋವಿನ ನನಗೆ ಮನೆಯೊಳಗೇ ಸಂಡಾಸು ಅಂದರೆ ಅದೇ ವೈಕುಂಠ. ಹಳೆಯದಕ್ಕೆ ವಾಪಸ್ ಹೋಗು ಅಂದರೆ ಒದೆಯುತ್ತೇನೆ.

ನನ್ನ ತಕರಾರು ಬೇರೆ. ಮನೆ ಹಂಚಿದ್ದು ಲಾಟರಿ ಎತ್ತಿ. ವಶೀಲಿ ನಡೆಯಬಾರದು ಅಂತ ಲಾಟರಿ, ಸರಿಯೇ. ಆದರೆ ಮನೆಗೊಂದು ಚೀಟಿ ಎತ್ತುವ ಬದಲು ಪ್ಯಾಸೇಜಿಗೊಂದು ಎತ್ತಬಹುದಿತ್ತಲ್ವಾ? ಆ 20 ಮನೆಗಳನ್ನು ಅಕ್ಕಪಕ್ಕದ ಮಹಡಿಗಳಿಗೆ ಹಾಕಿದ್ದರೆ ಯಾರಿಗೆ ನಷ್ಟ? ಹೊಸ ಮನೆಯ ಬಾಗಿಲು ಮುಚ್ಚಿಯೇ ಇರುತ್ತದೆ. ಒಳಗಿರುವವರು ಗುರುತಿನವರಾದರೆ ಬೆಲ್ ಒತ್ತಬಹುದು. ಈಗ ನನಗೆ 12ನೇ ಮಹಡಿ, ವಹಿನಿಗೆ ಬೇರೆ ವಿಂಗಿನಲ್ಲಿ 27ನೆಯದು. ಅವರಿಗೆ ಲಿಫ್ಟ್ ಅಂದರೆ ಭಯ. ನಾನೇ ಹೋಗಬೇಕು.

ಇನ್ನೂ ಎಷ್ಟೋ ಕಟ್ಟಡ ಏಳಬೇಕಿದೆ. ಅಲ್ಲಿಯ ಹೆಂಗಸರೇ, ಲಾಟರಿಗೆ ಮೊದಲೇ ಪ್ಯಾಸೇಜಿನವರೆಲ್ಲ ಸೇರಿ ಒಂದೇ ಅರ್ಜಿ ಕೊಡಿ. ಬರೆದುಕೊಡಲು ನನ್ನ ಮೊಮ್ಮಗಳಿದ್ದಾಳೆ. ಮರಾಠಿ ಚೆನ್ನಾಗಿ ಬರೆಯುತ್ತಾಳೆ.