ಕೂಗಿದ ಪದ ಸರಿ ಇರಲಿಲ್ಲವಂತೆ!

ಎಂಟು ದಿನ ಆಯ್ತು, ಹೊಟ್ಟೆಯುರಿ ಇನ್ನೂ ಆರಿಲ್ಲ. ಮನೆಯಲ್ಲಿ ಹೇಳಿಕೊಂಡರೆ ಯಾರಿಗೂ ತಲೆಬುಡ ತಿಳಿಯುವುದಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೇನೆ.

ನಾನು ಕಲಬುರಗಿಯವನು. ಹಾಯಿದೋಣಿ ರೇಸಿನ ಹುಚ್ಚು. ನಗುವವರು ಈಗಲೇ ನಕ್ಕು ಮುಗಿಸಿ. ನಮ್ಮ ಓಣಿಯ ಕಾಕಾ ಅಂತೂ ಸಿಕ್ಕಾಗಲೆಲ್ಲ “ಏನಪಾ, ಅಪ್ಪನ ಕೆರೆಯಾಗ ಹಡಗ ಯಾವಾಗ ಬಿಡ್ತಿ?” ಅಂತ ಕೇಳುತ್ತಾರೆ. ತಿಂಗಳಿಗೊಮ್ಮೆ ರೈಲು ಹತ್ತಿ, ವಾಡಿ, ತಾಂಡೂರು ದಾಟಿ, ಹೈದರಾಬಾದ್ ಕಡೆಯ ಒಂದು ಕೆರೆಗೆ ಹೋಗುತ್ತೇನೆ. ಹತ್ತುವ ರೈಲಿನ ಹೆಸರು ಹುಸೇನ್ ಸಾಗರ್ ಎಕ್ಸ್‌ಪ್ರೆಸ್. ಆದರೆ ಹೋಗೋದು ಆ ಕೆರೆಗಲ್ಲ. ಯಾವುದು ಅಂತ ಹೇಳೋದಿಲ್ಲ, ಹೇಳಿದರೆ ಮುಂದಿನ ಸಲ ಒಳಗೆ ಬಿಡಲಿಕ್ಕಿಲ್ಲ.

ಭಾನುವಾರದ ಸಣ್ಣ ರೇಸು. ಎಲ್ಲ ಲೇಸರ್ ಬೋಟುಗಳು, ಅಂದರೆ ಒಬ್ಬನೇ ನಡೆಸುವ ಸಣ್ಣ ಹಾಯಿದೋಣಿಗಳು, ಒಂದೊಂದು 4.23 ಮೀಟರ್ ಉದ್ದ. ಫಿನಿಶ್ ಲೈನಿಗೆ ಇನ್ನು ಹದಿನೈದು ಮೀಟರ್ ಇದ್ದಿರಬೇಕು. ನನಗೆ ಗಾಳಿ ಬಲಗಡೆಯಿಂದ, ಅಂದರೆ ಸ್ಟಾರ್‌ಬೋರ್ಡ್. ಅಡ್ಡ ಬಂದವನಿಗೆ ಎಡಗಡೆಯಿಂದ, ಅಂದರೆ ಪೋರ್ಟ್. ಪೋರ್ಟ್‌ನವನು ದಾರಿ ಬಿಡಬೇಕು, ಹತ್ತನೇ ನಿಯಮ. ಮೊದಲ ದಿನ ಕಲಿಸುವ ಪಾಠ ಅದು. ಬಿಡಲಿಲ್ಲ. ಬಂದವನೇ ನನ್ನ ಬೋಟಿನ ಪಕ್ಕೆಗೆ ಗುದ್ದಿದ. ಕೈಯಿಂದ ಹಗ್ಗ ಜಾರಿತು, ಹಾಯಿ ಪಟಪಟ ಬಡಿದುಕೊಂಡಿತು, ಹಾಯಿಯ ಕೆಳಗಿನ ಅಡ್ಡಕೋಲು, ಬೂಮ್, ನನ್ನ ತಲೆ ಸವರಿಕೊಂಡು ಹೋಯಿತು. ಆಗ ನನ್ನ ಬಾಯಿಂದ ಬಂದದ್ದು, “ಏ ಯಪ್ಪಾ, ಕಣ್ಣ ಕಾಣಂಗಿಲ್ಲೇನು ನಿನಗ!”

ಇದನ್ನು ನೆನಪಿಟ್ಟುಕೊಳ್ಳಿ.

ಗುದ್ದಿದವನು ನನಗಿಂತ ಮೊದಲು ಗೆರೆ ದಾಟಿದ. ದಾಟಿದ ಮೇಲೆ ತಪ್ಪು ನೆನಪಾಯಿತೇನೋ, ಅಲ್ಲೇ ಒಂದು ಸುತ್ತು ತಿರುಗಿದ. ಒಂದೇ ಒಂದು. ನಮ್ಮಲ್ಲಿ ಪೆನಾಲ್ಟಿ ಅಂದರೆ ಬೋಟನ್ನು ಸುತ್ತು ತಿರುಗಿಸೋದು. ಇಂಥ ತಪ್ಪಿಗೆ ಒಂದೇ ದಿಕ್ಕಿನಲ್ಲಿ ಎರಡು ಸುತ್ತು ಬೇಕು, ಪ್ರತಿ ಸುತ್ತಿನಲ್ಲೂ ಒಂದು ಟ್ಯಾಕ್ (ಬೋಟಿನ ಮೂತಿ ಗಾಳಿಯನ್ನು ದಾಟುವಂತೆ ತಿರುಗೋದು), ಒಂದು ಜೈಬ್ (ಹಿಂಬದಿ ದಾಟುವಂತೆ ತಿರುಗೋದು). ಒಂದು ಸುತ್ತು ಸಾಕಾಗೋದು ಗುರುತಿಗೆ ನೀರಲ್ಲಿ ತೇಲಿಬಿಟ್ಟ ಬುರುಡೆ, ಬೋಯ್, ಮುಟ್ಟಿದರೆ. ನಾನೇನು ಬೋಯಾ? ಗೆರೆಯ ಹತ್ತಿರ ಪೆನಾಲ್ಟಿ ಮಾಡಿದವನು ಬೋಟನ್ನು ಪೂರ್ತಿ ಗೆರೆಯ ಈಚೆ, ರೇಸಿನ ಕಡೆಗೆ ತಂದು ಮತ್ತೆ ದಾಟಬೇಕು. ಇವನ ಬೋಟು ಅರ್ಧ ಈಚೆ, ಅರ್ಧ ಆಚೆ. ಹಾಗೇ ದಡಕ್ಕೆ ಹೋಗಿಬಿಟ್ಟ.

ಹೋಗಿ ಕೇಳಿದೆ. ಗುದ್ದಿದ್ದನ್ನು ರೇಸ್ ನಡೆಸುವ ಕಮಿಟಿಯವರು ನೋಡಿಲ್ಲ, ಅವರ ಕಣ್ಣೆಲ್ಲ ಗೆರೆ ಮೇಲೆ. ಒಂದೇ ಸುತ್ತು ಹಾಕಿದ್ದಾನೆ, ಅದು ಪೆನಾಲ್ಟಿಯೇ ಅಲ್ಲ, ಹಾಗಾಗಿ ಮೊದಲು ದಾಟಿದ್ದೇ ಫಿನಿಶ್ ಅಂದರು. ಕೇಳಿದ್ರಾ? ಅರ್ಧ ದಂಡ ಕಟ್ಟಿದರೆ ಅದು ದಂಡವೇ ಅಲ್ಲವಂತೆ, ಆದ್ದರಿಂದ ಅವನು ಮೂರನೆಯವನು, ನಾನು ನಾಲ್ಕನೆಯವನು! ಪೆನಾಲ್ಟಿ ಮಾಡಿಲ್ಲ ಅಂದರೆ ಅವನನ್ನು ಅನರ್ಹ ಮಾಡಿ ಅಂದೆ. ಅದಕ್ಕೆ ಪ್ರೊಟೆಸ್ಟ್, ಅಂದರೆ ಅವನ ಮೇಲೆ ದೂರು, ಬರೆದು ಕೊಡಿ ಅಂದರು.

ಕೊಟ್ಟೆ. ಒದ್ದೆ ಕೈಯಲ್ಲೇ ಫಾರಂ ತುಂಬಿದೆ. ಗಾಳಿ ಎಲ್ಲಿಂದ, ಬೋಟು ಎಲ್ಲಿ, ಗೆರೆ ಎಲ್ಲಿ ಅಂತ ಬಾಣ ಹಾಕಿ ಚಿತ್ರ ಬರೆದೆ. ಶಾಲೆಯಲ್ಲಿ ಕೂಡ ಅಷ್ಟು ನೀಟಾಗಿ ಬರೆದಿರಲಿಲ್ಲ. ಒಳಗೆ ವಿಚಾರಣೆಗೆ ಮೂವರು ಕೂತಿದ್ದರು. ಚಿತ್ರದ ಕಡೆ ತಿರುಗಿಯೂ ನೋಡಲಿಲ್ಲ. ಒಂದೇ ಪ್ರಶ್ನೆ: “ಆಪ್ ಪ್ರೊಟೆಸ್ಟ್ ಬೋಲೇ ಕ್ಯಾ?”

ಇಲ್ಲ ಅಂದೆ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಆರು ಮೀಟರಿಗಿಂತ ಚಿಕ್ಕ ಬೋಟಿಗೆ ಕೆಂಪು ಬಾವುಟ ಬೇಡ, ಆದರೆ ‘ಪ್ರೊಟೆಸ್ಟ್’ ಅನ್ನುವ ಪದ ಕೂಗಲೇಬೇಕು. ಕಣ್ಣು ಕಾಣಂಗಿಲ್ಲೇನು ಅನ್ನೋದು ನಡೆಯೋದಿಲ್ಲ. ಪ್ರೊಟೆಸ್ಟ್ ಅಮಾನ್ಯ, ಎದ್ದೇಳಿ. ಮೂರು ನಿಮಿಷ ಆಗಿರಬಹುದು.

ಜಗತ್ತಿಗೆಲ್ಲ ಒಂದೇ ಪದ ಇರಲಿ, ನನ್ನ ತಕರಾರಿಲ್ಲ. ಎದುರಿನವನಿಗೆ ಆಗಲೇ ತಿಳಿಯಬೇಕು, ತಪ್ಪು ಮಾಡಿದ್ದರೆ ಅಲ್ಲೇ ಸುತ್ತು ಹಾಕಲು ಅವಕಾಶ ಸಿಗಬೇಕು, ಅದಕ್ಕೇ ಕೂಗೋದು. ಆದರೆ ಇವನಿಗೆ ತಿಳಿದಿತ್ತಲ್ಲ ಮಾರಾಯರೇ! ತಿಳಿಯದೆ ಸುಮ್ನೆ ಮೋಜಿಗೆ ಸುತ್ತು ಹಾಕಿದನಾ?

ಹಾಗಾದರೆ ಕಮಿಟಿಯೇ ಪ್ರೊಟೆಸ್ಟ್ ಹಾಕಲಿ ಅಂದೆ. ಅಮಾನ್ಯವಾದ ಪ್ರೊಟೆಸ್ಟಿನಿಂದ ಗೊತ್ತಾದ ವಿಷಯ ಹಿಡಿದು ಕಮಿಟಿ ಹಾಕುವಂತಿಲ್ಲವಂತೆ. ವಾಪಸ್ ಬರುವಾಗ ರೈಲಿನಲ್ಲಿ 2025–2028ರ ನಿಯಮದ ಪುಸ್ತಕ ತಿರುವಿ ನೋಡಿದೆ. ಅದೂ ನಿಜ. ಅದೇ ಪುಸ್ತಕದ ಶುರುವಿನಲ್ಲೇ, ನಿಯಮ ಮುರಿದವರು ತಾವಾಗಿಯೇ ಪೆನಾಲ್ಟಿ ತೆಗೆದುಕೊಳ್ಳುತ್ತಾರೆ ಅಂತ ಬರೆದಿದೆ. ಅದನ್ನು ಓದಿ ನಗು ಬಂತು, ಎದುರು ಸೀಟಿನ ಅಮ್ಮ ಗಾಬರಿಯಾಗಿ ನೋಡಿದರು.

ಅಸಲಿ ವಿಷಯ ಇನ್ನೂ ಹೇಳಿಲ್ಲ. ರಿಸಲ್ಟ್ ಅಂಟಿಸಿದ ಮೇಲೆ ಹೊರಗೆ ಚಹಾ ಕುಡಿಯುತ್ತಿದ್ದೆ. ಅವನೇ ಬಂದ, ಹೆಗಲ ಮೇಲೆ ಕೈ ಹಾಕಿದ. “ಸಾರಿ ಭಾಯ್, ಗಲತಿ ಮೇರೀ ಥೀ” ಅಂದ, ತಪ್ಪು ನನ್ನದೇ ಅಂತ. ನಗುತ್ತಾ ಅಂದ. ಆ ಮಾತನ್ನು ಅರ್ಧ ಗಂಟೆ ಮೊದಲು, ಒಳಗೆ ಅನ್ನೋಕೆ ಏನಾಗಿತ್ತು?

ಚಹಾದ ದುಡ್ಡು ಅವನೇ ಕೊಟ್ಟ. ನಾನೂ ಬೇಡ ಅನ್ನಲಿಲ್ಲ.